ಮೊಮ್ಮಗಳ ಪಾಲಿಗೆ ಬಂದ ಆಮೆ

ನನ್ನ ಮೊಮ್ಮಗಳು ಮಾಡಿದ ಸಿನಿಮಾ ಕಡಲಿನ ಚಿತ್ರೋತ್ಸವಕ್ಕೆ ಆಯ್ಕೆಯಾಗಿದೆ. ಹನ್ನೊಂದು ನಿಮಿಷದ ಸಿನಿಮಾ. ಅದರಲ್ಲಿ ನಾನಿದ್ದೇನೆ, ನನ್ನ ಮಗನಿದ್ದಾನೆ, ನಮ್ಮ ಕೈರಂಪಣಿ ಬಲೆಯಿದೆ, ಒಂದು ಕಡಲಾಮೆಯಿದೆ. ನನ್ನ ಬಲಗೈಯ ಮೂಳೆ ಮುರಿದ ಶಬ್ದವೂ ಇದೆ, ಒಣಗಿದ ತೆಂಗಿನ ಮಡಲಿನ ದಂಟು ಮುರಿದ ಹಾಗೆ. ಆ ಶಬ್ದ ಚೆನ್ನಾಗಿ ಬಂದಿದೆ ಎಂದು ಉತ್ಸವದವರು ಹೇಳಿದರಂತೆ. ಯಾಕೆ ಬರುವುದಿಲ್ಲ, ನನ್ನ ಮೂಳೆಯಲ್ಲವೆ.

ನಿನ್ನೆ ಬೆಳಿಗ್ಗೆ ಫೋನು ಬಂದಾಗ ನಾನು ಅಂಗಳದಲ್ಲಿ ಬಾಯಿ ಮುಕ್ಕಳಿಸುತ್ತಿದ್ದೆ. ಸುದ್ದಿ ಕೇಳಿ ಬಾಯಲ್ಲಿದ್ದ ನೀರನ್ನು ಉಗುಳುವುದು ಮರೆತು ನುಂಗಿಬಿಟ್ಟೆ. ಅಂಗಿ ಹಾಕಿಕೊಳ್ಳುವಷ್ಟು ಪುರುಸೊತ್ತಿಲ್ಲದೆ ಟವೆಲು ಹೆಗಲಿಗೆ ಹಾಕಿ, ಸಿಕ್ಕಿದವರಿಗೆ ಸುದ್ದಿ ಹೇಳಲು ಬಸ್ ಸ್ಟಾಪಿಗೆ ಓಡಿದೆ. ಬೈಂದೂರಿನ ಬಸ್ಸಿಗೆ ಕಾಯುತ್ತ ಮೀನಿನ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿದ್ದರು.

"ಹ್ವಾಯ್, ಎಂತ ಇವತ್ ಓಡ್ಕಂಡ್ ಬಂದ್ರಿ? ಮನೆಗ್ ಬೆಂಕಿ ಬಿತ್ತಾ?" ಎಂದಳು ಒಬ್ಬಳು.

"ಮೊಮ್ಮಗಳ ಸಿನಿಮಾ ಪಾಸಾಯ್ತ್. ದೊಡ್ಡ ಪರದೆ ಮೇಲ್ ತೋರ್ಸ್ತ್ರಂಬ್ರ್."

"ಹೌದಾ? ಹೀರೋ ಯಾರ್?"

"ನಾನೇ."

"ಹಂಗಾರೆ ನಾವ್ ಟಿಕೇಟ್ ತೆಗೂದಿಲ್ಲೆ ಮಾರ್ರೆ. ನಿಮ್ಮ ಮೋರೆ ದಿನಾ ಪುಕ್ಕಟೆ ಕಾಂತಿತ್ತಲೆ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದರೆ ಮೊಮ್ಮಗಳು ಜಗಲಿಯಲ್ಲಿ ಒಂದು ಕಾಗದ ಹಿಡಿದು ಕೂತಿದ್ದಳು. ಮುಖದಲ್ಲಿ ನಗೆಯಿಲ್ಲ. ಸಿನಿಮಾದಲ್ಲಿ ಯಾರ ಯಾರ ಮುಖ ಕಾಣುತ್ತದೋ ಅವರೆಲ್ಲ ಒಪ್ಪಿಗೆಯೆಂದು ಸಹಿ ಹಾಕಬೇಕಂತೆ. ಸಂಜೆಯೊಳಗೆ ಕಳಿಸಬೇಕಂತೆ. ನನ್ನದು, ನನ್ನ ಹೆಂಡತಿಯದು, ಬಲೆಯ ಬಳ್ಳಿ ಎಳೆಯುವವರದು ಎಲ್ಲ ಮೊದಲೇ ಆಗಿತ್ತು. ಒಂದೇ ಒಂದು ಜಾಗ ಖಾಲಿ ಇತ್ತು, ಅವಳ ಅಪ್ಪನದು.

"ಅಪ್ಪಯ್ಯ ಸಹಿ ಹಾಕದಿದ್ರೆ ಅವ್ರ್ ತೋರ್ಸುದಿಲ್ಲಂಬ್ರ್, ಅಜ್ಜ."

ನನ್ನ ಮಗ ಐದು ತಿಂಗಳಿಂದ ನಮ್ಮ ಜೊತೆ ಕೂತು ಉಂಡಿರಲಿಲ್ಲ. ಬಟ್ಟಲು ತೆಗೆದುಕೊಂಡು ಬಲೆ ಇಡುವ ಕೊಟ್ಟಿಗೆಗೆ ಹೋಗಿ ಒಬ್ಬನೇ ಉಣ್ಣುತ್ತಿದ್ದ. ಅಪ್ಪನ ಕೈ ಮುರಿದವನು ಅಪ್ಪನ ಎದುರು ಕೂತು ಹೇಗೆ ಉಣ್ಣುವುದು ಎಂದು ಅವನ ಲೆಕ್ಕ. ಮಗಳ ಹತ್ತಿರವಂತೂ ಮಾತೇ ಇಲ್ಲ, ಅದನ್ನೆಲ್ಲ ಫೋನಿನಲ್ಲಿ ಹಿಡಿದಿಟ್ಟವಳು ಅವಳೇ ಎಂದು.

ಇದು ಎಲ್ಲಿಂದ ಶುರುವಾಯಿತು ಎಂದು ಹೇಳಬೇಕಾದರೆ ನನ್ನಿಂದಲೇ ಹೇಳಬೇಕು. ನಾನು ಕಲಿತದ್ದು ಮೂರನೇ ಕ್ಲಾಸು. ಬರೆಯುವಾಗ ಹಿಂದುಮುಂದಾಗುತ್ತದೆ. ಆದರೆ ಇದನ್ನು ಮರೆಯುವ ಹಾಗಿಲ್ಲ.

ತೊಂಬತ್ತೇಳನೇ ಇಸವಿ, ಮಳೆಗಾಲ ಮುಗಿದು ಚಳಿ ಬಿದ್ದಿತ್ತು. ಆಗ ನಾನು ತಾಂಡೇಲ, ಅಂದರೆ ದೋಣಿಗೂ ಬಲೆಗೂ ಯಜಮಾನ. ಕೈರಂಪಣಿ ಎಂದರೆ ದೋಣಿಯಲ್ಲಿ ಹೋಗಿ ಕಡಲಿಗೆ ಅರ್ಧ ಚಂದ್ರದ ಹಾಗೆ ಬಲೆ ಬಿಟ್ಟು ಬರುವುದು, ಆಮೇಲೆ ಎರಡೂ ತುದಿಯ ಹಗ್ಗವನ್ನು, ನಮ್ಮ ಮಾತಿನಲ್ಲಿ ಬಳ್ಳಿಯನ್ನು, ದಡದಲ್ಲಿ ನಿಂತು ಜನ ಎಳೆಯುವುದು. ನಮ್ಮ ದಡದಲ್ಲಿ ಒಂದು ಕಟ್ಟಳೆಯಿದೆ. ಬಲೆಯ ಹೊಟ್ಟೆ ಮರಳು ಮುಟ್ಟುವ ಮೊದಲು ಯಾರು ಬಳ್ಳಿಗೆ ಕೈ ಹಾಕಿದರೂ ಅವರಿಗೆ ಪಾಲು. ದಾರಿಯಲ್ಲಿ ಹೋಗುವವನು ಬಂದು ನಾಲ್ಕು ಮೊಳ ಎಳೆದರೂ ಸರಿ, ಬರಿಗೈಯಲ್ಲಿ ಕಳಿಸುವ ಹಾಗಿಲ್ಲ. ತಾಂಡೇಲ ಪಾಲು ಇಲ್ಲ ಎಂದರೆ ಮರುದಿನ ಅವನ ಬಳ್ಳಿಗೆ ಯಾರೂ ಕೈ ಹಚ್ಚುವುದಿಲ್ಲ. ಇನ್ನೊಂದು ಕಟ್ಟಳೆ, ಆಮೆ ಸಿಕ್ಕಿದರೆ ನೆತ್ತಿಗೆ ಕುಂಕುಮ ಹಚ್ಚಿ ಕಡಲಿಗೆ ಬಿಡಬೇಕು.

ಆ ದಿನ ಬಲೆ ತುಂಬ ಬೈಗೆ, ಅಂದರೆ ಬೂತಾಯಿ ಮೀನು. ಎಷ್ಟೋ ದಿನದ ಮೇಲೆ ಬಂದ ಮೀನು. ಬಲೆಯ ಹೊಟ್ಟೆ ದಡದಿಂದ ಹತ್ತು ಮಾರು ದೂರವಿದ್ದಾಗ ನೀರು ಒಮ್ಮೆಲೇ ಮಗುಚಿತು. ಆಮೆ. ಅದು ಬಡಿದುಕೊಂಡ ಹೊಡೆತಕ್ಕೆ ಹಳೇ ಬಲೆ ಹರಿದುಹೋಯಿತು. ಬೆಳ್ಳಿ ಸುರಿದ ಹಾಗೆ ಮೀನೆಲ್ಲ ಕಡಲಿಗೆ ಸುರಿಯಿತು. ಜನ ಬೊಬ್ಬೆ ಹೊಡೆಯುತ್ತ ಸೊಂಟದ ನೀರಿಗಿಳಿದು ಕೈಯಲ್ಲಿ ಬಾಚುತ್ತಿದ್ದರು. ಬಲೆ ದಡಕ್ಕೆ ಬಂದಾಗ ಅದರೊಳಗೆ ಉಳಿದದ್ದು ಒಂದು ಬುಟ್ಟಿಯಷ್ಟು ಮೀನು ಮತ್ತು ಆ ಆಮೆ.

ನಾನು ದೋಣಿಯಿಂದ ಹುಟ್ಟು ಎಳೆದುಕೊಂಡು ಬಂದೆ. ಮೊದಲ ಏಟು ಚಿಪ್ಪಿಗೆ ಬಿತ್ತು, ಕೈ ಜುಮ್ಮೆಂದಿತು. ಎರಡನೆಯದು ಕುತ್ತಿಗೆಗೆ. ಅದು ಕತ್ತು ಎಳೆದುಕೊಳ್ಳಲಿಲ್ಲ. ಕಡಲಾಮೆಗೆ ಅದು ಬರುವುದಿಲ್ಲ, ಗದ್ದೆಯ ಆಮೆಯ ಹಾಗಲ್ಲ. ರೆಕ್ಕೆಯಲ್ಲಿ ಮರಳು ತೋಡುತ್ತ ನೀರಿನ ಕಡೆಗೇ ತೆವಳುತ್ತಿತ್ತು. ಮೂರು, ನಾಲ್ಕು, ಐದು. ಎಷ್ಟು ಹೊಡೆದೆನೋ. ರಕ್ತ ನನ್ನ ಮೊಣಕಾಲಿಗೆ ಹಾರಿತು. ಒಂದು ಕಣ್ಣು ಹೊರಗೆ ಬಂದಿತ್ತು, ಇನ್ನೊಂದು ನೋಡುತ್ತಿತ್ತು. ಆಮೇಲೆ ಅದರ ಹಿಂದಿನಿಂದ ಮೊಟ್ಟೆಗಳು ಮರಳಿಗೆ ಬಿದ್ದವು, ಒಂದೊಂದಾಗಿ, ಬೆಳ್ಳಗೆ. ಬಳ್ಳಿ ಹಿಡಿದವರ ಬೊಬ್ಬೆ ನಿಂತಿತು. ನನ್ನ ಮಗನೂ ಅಲ್ಲೇ ಬಳ್ಳಿ ಹಿಡಿದು ನಿಂತಿದ್ದ. ಆಗ ಅವನಿಗೆ ಹೊಸದಾಗಿ ಮದುವೆಯಾಗಿತ್ತು.

ಮನೆಯಲ್ಲಿ ಸೊಸೆ ಆರು ತಿಂಗಳ ಬಸುರಿ. ಬಸುರಿ ಇರುವ ಮನೆಯ ಗಂಡಸು ತೆಂಗಿನಕಾಯಿ ಕೂಡ ಒಡೆಯಬಾರದು ಎಂದು ನನ್ನ ಮಗ ಅದುವರೆಗೆ ದೇವರಿಗೂ ಕಾಯಿ ಒಡೆದಿರಲಿಲ್ಲ. ನಾನು ಅವನ ಅಪ್ಪ, ಮೊಟ್ಟೆಯಿಟ್ಟುಕೊಂಡ ಆಮೆಯನ್ನು ಕೊಂದು ಮನೆಗೆ ಬಂದೆ. ನನ್ನ ಹೆಂಡತಿಗೆ ನನಗಿಂತ ಮೊದಲೇ ಸುದ್ದಿ ಮುಟ್ಟಿತ್ತು.

"ಆ ಕೈಯಲ್ ನನ್ ಬುಟ್ಟಿ ಮುಟ್ಬೇಡಿ," ಎಂದಳು. ಅಷ್ಟೇ.

ಅವಳು ದಡಕ್ಕೆ ಹೋಗಿ ಮೊಟ್ಟೆಗಳನ್ನು ಸೆರಗಿನಲ್ಲಿ ತುಂಬಿಕೊಂಡು, ನೀರು ಬಾರದ ಕಡೆ ಮರಳು ತೋಡಿ ಹುಗಿದಳು. ಒಂದು ಕೋಲು ಊರಿದಳು. ಎರಡು ತಿಂಗಳು ದಿನಾ ಬೆಳಿಗ್ಗೆ ಮೀನು ಮಾರಲು ಹೋಗುವ ಮೊದಲು ಅಲ್ಲಿ ಹೋಗಿ ಬಗ್ಗಿ ನೋಡುತ್ತಿದ್ದಳು. ಮರಳು ಅಲುಗಲಿಲ್ಲ. ಮೂರು ತಿಂಗಳಿಗೆ ಸೊಸೆ ಹೆತ್ತಳು. ಹೆಣ್ಣು. ಕೈಕಾಲು ಬೆರಳು ಎಲ್ಲ ಎಣಿಸಿ ನೋಡಿದ ಮೇಲೆ ನನ್ನ ಹೆಂಡತಿ ನನ್ನ ಹತ್ತಿರ ಮಾತಾಡಿದಳು. ಆ ಹೆಣ್ಣು ಮಗುವೇ ಈ ಸಿನಿಮಾದವಳು.

ಆಮೇಲೆ ಕೆಲವು ವರ್ಷಕ್ಕೆ ತಾಂಡೇಲಿಕೆ ಮಗನ ಕೈಗೆ ಹೋಯಿತು. ಹೋದದ್ದು ಕೆಟ್ಟ ಕಾಲದಲ್ಲಿ. ದೊಡ್ಡ ಇಂಜಿನಿನ ಬೋಟುಗಳು ದಡದ ಹತ್ತಿರವೇ ಬಂದು ಮರಿ ಮೊಟ್ಟೆ ಬಿಡದೆ ಗುಡಿಸಿಕೊಂಡು ಹೋಗುತ್ತಿದ್ದವು. ಒಂದು ಬೆಳಿಗ್ಗೆ ನಾವು ನಾಲ್ಕು ದೋಣಿಯಲ್ಲಿ ಹೋಗಿ ಒಂದು ಬೋಟನ್ನು ಅಡ್ಡ ಹಾಕಿದೆವು. ಅವರು ಮೇಲಿನಿಂದ ಒಲೆಯ ಮೇಲಿದ್ದ ಬಿಸಿ ಗಂಜಿ ಎರಚಿದರು, ನಮ್ಮವನೊಬ್ಬನ ಬೆನ್ನಿನ ಚರ್ಮ ಅಂಗಿಯ ಜೊತೆಗೇ ಎದ್ದು ಬಂತು. ನಾನು ಹುಟ್ಟಿನಲ್ಲಿ ಒಬ್ಬ ಹುಡುಗನ ಹಣೆ ಒಡೆದೆ. ರಕ್ತ ಒರೆಸಿಕೊಂಡು ಮುಖ ಎತ್ತಿದಾಗ ಗೊತ್ತಾಯಿತು, ಅವನ ಮದುವೆಗೆ ನಾನು ಉಂಡು ಬಂದಿದ್ದೆ. ನನ್ನ ಮಗ ಬೋಟಿನ ಅಂಚು ಹಿಡಿದು ಹತ್ತುತ್ತಿದ್ದ. ಆಗ ತೆರೆ ಎತ್ತಿ ದೋಣಿಯನ್ನು ಬೋಟಿಗೆ ಬಡಿಯಿತು. ನಡುವೆ ಸಿಕ್ಕಿದ ಎಡಗೈಯ ಎರಡು ಬೆರಳು ಅಲ್ಲೇ ಕಡಲಿಗೆ ಹೋದವು. ಅಂದಿನಿಂದ ಅವನ ಸಿಟ್ಟು ಇಳಿಯಲಿಲ್ಲ. ಬೆರಳಿನ ಜಾಗದಲ್ಲಿ ಸಿಟ್ಟು ಬೆಳೆದ ಹಾಗಿತ್ತು.

ಇಂಥವನನ್ನು ಚಿತ್ರೋತ್ಸವಕ್ಕೆ ಕರೆದುಕೊಂಡು ಹೋದದ್ದು ನಮ್ಮ ಹುಡುಗಿ. ಹೋದ ವರ್ಷ ಕುಂದಾಪುರದಲ್ಲಿ ಒಂದು ಹಾಲಿನಲ್ಲಿ ಕಡಲಿನ ಸಿನಿಮಾ ತೋರಿಸುತ್ತಾರೆ, ಕಡಲು ಹಾಳಾಗುವುದನ್ನು ಜನರಿಗೆ ತಿಳಿಸುತ್ತಾರೆ ಎಂದು ಅವಳ ಕಾಲೇಜಿನಲ್ಲಿ ಹೇಳಿದ್ದರಂತೆ. ನಾವು ದಡದವರು ಒಂದು ಟೆಂಪೋ ತುಂಬ ಹೋದೆವು. ತಿಮಿಂಗಿಲದ ಹೊಟ್ಟೆಯಿಂದ ಪ್ಲಾಸ್ಟಿಕ್ ಎಳೆದು ತೆಗೆಯುವುದನ್ನು ತೋರಿಸಿದರು. ಆಮೇಲೆ ಬಲೆಗೆ ಸಿಕ್ಕಿ ಸತ್ತ ಆಮೆ. ಮುಂದಿನ ಸಾಲಿನಲ್ಲಿ ಇಸ್ತ್ರಿ ಅಂಗಿಯ ಒಬ್ಬರು ಗಟ್ಟಿಯಾಗಿ, "ಈ ಮೀನುಗಾರರನ್ನೆಲ್ಲ ಮೊದಲು ಒಳಗೆ ಹಾಕಬೇಕು," ಎಂದರು.

ನನ್ನ ಮಗ ಎದ್ದು ನಿಂತ. "ಹ್ವಾಯ್, ಮಧ್ಯಾಹ್ನ ಎಂತ ಉಂಡ್ ಬಂದದ್ ನೀವ್?"

"ಅದು ನಿಮಗೆ ಯಾಕೆ?"

"ಕೈ ಮೂಸಿ ಕಾಣಿ. ಅಂಜಲ್ ಮೀನ್ ವಾಸ್ನಿ ಇನ್ನೂ ಹೋಯ್ಲಿಲ್ಲ."

ಅವರು ಏನೋ ಅಂದರು, ಇವನು ಕುರ್ಚಿ ಎತ್ತಿದ. ಆಮೇಲೆ ಯಾರು ಯಾರಿಗೆ ಹೊಡೆದರು ಎಂದು ಹೇಳಲು ಬರುವುದಿಲ್ಲ. ನಾನೂ ಸುಮ್ಮನಿರಲಿಲ್ಲ, ನನ್ನದೊಂದು ಹಲ್ಲು ಆ ಹಾಲಿನಲ್ಲೇ ಉಳಿಯಿತು. ಒಂದು ಕುರ್ಚಿ ಹಾರಿ ಹೋಗಿ ಪರದೆ ಹರಿಯಿತು. ಸಿನಿಮಾ ನಿಲ್ಲಿಸಲು ಯಾರಿಗೂ ನೆನಪಾಗದೆ, ಹರಿದ ಪರದೆಯ ಮೇಲೆ ಆಮೆಗಳು ಈಜುತ್ತಲೇ ಇದ್ದವು. ಉತ್ಸವ ನಡೆಸುವ ಹೆಂಗಸಿಗೆ ತುಟಿ ಒಡೆದಿತ್ತು. ಅವರು ಕರವಸ್ತ್ರ ಒತ್ತಿಕೊಂಡು ನಮ್ಮ ಟೆಂಪೋದವರೆಗೆ ಬಂದರು. ಪೊಲೀಸರಿಗೆ ಹೇಳುತ್ತಾರೆ ಎಂದುಕೊಂಡೆವು.

"ನಮ್ಮ ಸಿನಿಮಾ ನೋಡಿ ನಿಮಗೆ ಸಿಟ್ಟು ಬಂತಲ್ಲ, ನಿಮ್ಮ ಕಡಲನ್ನು ನೀವೇ ತೆಗೆದು ತೋರಿಸಿ. ನಾನು ಕಲಿಸುತ್ತೇನೆ," ಎಂದರು.

ಕಲಿಸಿದರು ಕೂಡ. ನಮ್ಮ ದಡದ ಮಕ್ಕಳಿಗೆ ಒಂದು ವಾರ, ಫೋನಿನಲ್ಲಿ ಸಿನಿಮಾ ತೆಗೆಯುವುದು ಹೇಗೆ ಎಂದು. ಉಳಿದವರು ಮರೆತರು. ನಮ್ಮವಳು ಹಿಡಿದದ್ದು ಬಿಡಲಿಲ್ಲ.

ಐದು ತಿಂಗಳ ಹಿಂದೆ, ಬೆಳಕು ಹರಿಯುವ ಹೊತ್ತಿಗೆ, ರಂಪಣಿ ಎಳೆಯುವುದನ್ನು ಫೋನಿನಲ್ಲಿ ತೆಗೆಯಬೇಕೆಂದು ಅವಳು ದಡಕ್ಕೆ ಬಂದಳು. ಸ್ವಲ್ಪ ತೆಗೆದಳು, ಆಮೇಲೆ ಫೋನನ್ನು ಲಂಗದ ಜೇಬಿಗೆ ಹಾಕಿಕೊಂಡು ಬಳ್ಳಿಗೆ ಕೈ ಹಾಕಿದಳು. ನಮ್ಮಲ್ಲಿ ಹೆಣ್ಣುಮಕ್ಕಳು ಬಳ್ಳಿ ಎಳೆಯುವುದು ಕಡಿಮೆ, ಆದರೆ ಬೇಡ ಎನ್ನುವ ಕಟ್ಟಳೆಯೂ ಇಲ್ಲ. ಅವಳಪ್ಪ ನೋಡಿ ಸುಮ್ಮನಾದ. ಬಲೆ ಹತ್ತಿರ ಬಂದಾಗ ಅವಳು ಮತ್ತೆ ಫೋನು ತೆಗೆದಳು. ಅದೇ ಹೊತ್ತಿಗೆ ನೀರು ಮಗುಚಿತು.

ಮತ್ತೆ ಆಮೆ. ಅದೇ ಹೊಡೆತ, ಅದೇ ಬಲೆ ಹರಿಯುವುದು, ಅದೇ ಮೀನು ಸುರಿಯುವುದು. ಹೊಸ ಬಲೆ, ನಾನೂ ಮಗನೂ ಇಬ್ಬರೇ ಕೂತು ಕಟ್ಟಿದ ಬಲೆ. ಬಲೆ ದಡ ಮುಟ್ಟಿದ್ದೇ ಮಗ ದೋಣಿಯಿಂದ ಹುಟ್ಟು ಎಳೆದುಕೊಂಡು ಬಂದ. ನಡಿಗೆಯೂ ನನ್ನದೇ. ಹುಡುಗಿ ಫೋನನ್ನು ಬಳ್ಳಿಯ ಸುರುಳಿಗೆ ಸಿಕ್ಕಿಸಿ ಓಡಿದಳು.

"ಅಪ್ಪಯ್ಯ, ನಾನ್ ಬಳ್ಳಿ ಹಿಡ್ದಿದ್ದೆ. ನನ್ ಪಾಲ್ ಕೊಡಿ."

"ಆಚಿ ಹೋಗ್, ಹೆಣೆ."

"ನಂಗ್ ಮೀನ್ ಬೇಡ. ನನ್ ಪಾಲಿಗೆ ಅದನ್ ಕೊಡಿ."

ಅವನಿಗೆ ಕೇಳಿಸಿತೋ ಇಲ್ಲವೋ. ಹುಟ್ಟು ಮೇಲೆ ಹೋಯಿತು. ಹುಡುಗಿ ಆಮೆಯ ಮೇಲೆ ಬಗ್ಗಿಬಿಟ್ಟಿದ್ದಳು, ಅವಳ ತಲೆ ನೇರ ಅದರ ಕೆಳಗೆ. ನಾನು ಯೋಚನೆ ಮಾಡಿ ಮಾಡಿದ್ದಲ್ಲ. ಬಲಗೈ ಅಡ್ಡ ಹೋಯಿತು, ಅಷ್ಟೇ. ಮೊದಲು ಶಬ್ದ ಕೇಳಿತು, ಆಮೇಲೆ ನೋವು ಬಂತು. ಮೂಳೆಯ ಚೂಪು ಚರ್ಮದ ಹೊರಗೆ ಬಂದಿತ್ತು. ನಾನು ಆಮೆಯ ಪಕ್ಕದಲ್ಲೇ ಬಿದ್ದೆ. ಅದರ ಬಾಯಿ ತೆರೆದಿತ್ತು, ಉಸಿರು ನನ್ನ ಮುಖಕ್ಕೆ ಬಡಿಯುತ್ತಿತ್ತು. ಜನ ನನ್ನನ್ನು ಎತ್ತಿ ರಿಕ್ಷಾಕ್ಕೆ ಹಾಕಿದರು. ಹುಡುಗಿ ನನ್ನ ತಲೆ ತೊಡೆಯ ಮೇಲಿಟ್ಟುಕೊಂಡು ಅಳುತ್ತ ಬಂದಳು. ದಡದಲ್ಲಿ ಏನಾಯಿತು ಎಂದು ಯಾರೂ ನೋಡಲಿಲ್ಲ. ಆಮೆ ತಾನೇ ತಪ್ಪಿಸಿಕೊಂಡು ಹೋಯಿತು ಎಂದು ಆಮೇಲೆ ಮಗ ಹೇಳಿದ.

ಕೈ ಸೊಟ್ಟಗೆ ಕೂಡಿಕೊಂಡಿತು. ಕೂಡಿದ ಮೇಲೆ ನಾನೇ ಮೊಮ್ಮಗಳನ್ನು ಕೂರಿಸಿಕೊಂಡು ತೊಂಬತ್ತೇಳರ ಕತೆಯನ್ನು ಅವಳ ಫೋನಿಗೆ ಹೇಳಿದೆ. "ಸಿನಿಮಾದಲ್ ಮೊದ್ಲ್ ನಂದ್ ಹಾಕ್. ಆಮೇಲ್ ನಿನ್ನಪ್ಪನ್ದ್," ಎಂದೆ. ಅವಳು ಹಾಗೇ ಹಾಕಿದಳು.

ನಿನ್ನೆ ಮಧ್ಯಾಹ್ನ ಆ ಕಾಗದ ಹಿಡಿದುಕೊಂಡು ನಾನೂ ಅವಳೂ ಕೊಟ್ಟಿಗೆಗೆ ಹೋದೆವು. ಮಳೆಗಾಲ ಹತ್ತಿರ ಬಂತೆಂದು ಮಗ ಬಲೆ ಸರಿಮಾಡುತ್ತ ಕೂತಿದ್ದ. ತಲೆ ಎತ್ತಲಿಲ್ಲ.

"ಸಹಿ ಹಾಕ್," ಎಂದೆ.

"ಅಪ್ಪನ್ ಕೈ ಮುರ್ದವ ಅಂದ್ಕಂಡ್ ಊರೆಲ್ಲ ಕಾಣ್ಕಾ?"

"ಆಮೆ ಕೊಂದವ ಅಂದ್ಕಂಡ್ ನನ್ನನ್ನೂ ಕಾಂತ್ರ್. ನಿಂಗಿಂತ ಮೊದ್ಲ್ ನಾನ್ ಬತ್ತೆ ಅದ್ರಲ್ಲ್."

"ನಿಮ್ಮನ್ನ ಪೊಲೀಸ್ರ್ ತಕಂಡ್ ಹೋದ್ರೆ?"

"ಹೋಪ. ಅಲ್ಲೂ ಊಟ ಕೊಡ್ತ್ರ್."

ಅವನು ಎದ್ದು ಹೊರಡಲು ನೋಡಿದ. ನಾನು ಅವನ ಬಲೆಯ ಮೇಲೆ ಕೂತುಬಿಟ್ಟೆ. ಅಪ್ಪ ಕೂತ ಬಲೆಯನ್ನು ಎಳೆಯುವ ಹಾಗಿಲ್ಲ, ದಾಟಿ ಹೋಗುವ ಹಾಗೂ ಇಲ್ಲ. ಬಾಯಿಗೆ ಬಂದದ್ದು ಬೈದ, ಸೂಜಿಯನ್ನು ಗೋಡೆಗೆ ಬಿಸಾಡಿದ. ಹುಡುಗಿ ಹೆದರಿದರೂ ಫೋನನ್ನು ಅವನ ಮುಖದ ಮುಂದೆ ಹಿಡಿದಳು.

"ಒಂದ್ ಸಲ ಕಾಣಿ ಅಪ್ಪಯ್ಯ. ಆಮೇಲ್ ಬೇಡ ಅಂದ್ರೆ ನಾನೇ ಅಳ್ಸ್ತೆ."

ನನ್ನ ಕತೆ ಬಂತು. ಅವನು ಬೇರೆ ಕಡೆ ನೋಡುತ್ತಿದ್ದ. ಅವನ ಹುಟ್ಟು ಬಂತು, ನನ್ನ ಮೂಳೆಯ ಶಬ್ದ ಬಂತು. ಅವನು ಕಣ್ಣು ಮುಚ್ಚಿದ. ನಾನು ಅವನ ಭುಜ ಹಿಡಿದು, "ಈಗ ಕಾಣ್," ಎಂದೆ.

ಬಳ್ಳಿಯ ಸುರುಳಿಯಲ್ಲಿ ಸಿಕ್ಕಿಕೊಂಡ ಫೋನನ್ನು ಆ ಗಲಾಟೆಯಲ್ಲಿ ಯಾರೂ ನಿಲ್ಲಿಸಿರಲಿಲ್ಲ. ಅದು ತೆಗೆಯುತ್ತಲೇ ಇತ್ತು. ಅರ್ಧ ಆಕಾಶ, ಅರ್ಧ ಮರಳು. ಜನರ ಕಾಲುಗಳೆಲ್ಲ ಓಡಿಹೋಗುತ್ತವೆ. ದಡ ಖಾಲಿ. ಸ್ವಲ್ಪ ಹೊತ್ತಿಗೆ ಒಬ್ಬನೇ ಒಬ್ಬ ಬರುತ್ತಾನೆ. ಹುಟ್ಟನ್ನು ಕಡಲಿಗೆ ಎಸೆಯುತ್ತಾನೆ. ಮರಳಿಗೆ ಬಿದ್ದು ಎರಡೂ ಮುಷ್ಟಿಯಲ್ಲಿ ತನ್ನ ತಲೆಗೇ ಹೊಡೆದುಕೊಳ್ಳುತ್ತಾನೆ, ಎಷ್ಟು ಸಲ ಎಂದು ನಾನು ಎಣಿಸಲಾರೆ. ಆಮೇಲೆ ಸೊಂಟದಿಂದ ಕತ್ತಿ ತೆಗೆದು, ಆಮೆಯ ರೆಕ್ಕೆಗೆ ಸುತ್ತಿದ ಹೊಸ ಬಲೆಯನ್ನು ಕುಯ್ಯುತ್ತಾನೆ. ಮೂರು ಬೆರಳಿನ ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಕುಯ್ಯುತ್ತಾನೆ. ಆಮೆ ಅವನ ಮುಂಗೈ ಕಚ್ಚುತ್ತದೆ, ರಕ್ತ ಸುರಿಯುತ್ತದೆ, ಅವನು ಬಿಡುವುದಿಲ್ಲ. ಹೆಗಲು ಕೊಟ್ಟು ನೂಕಿ ನೂಕಿ ನೀರಿಗೆ ಮುಟ್ಟಿಸುತ್ತಾನೆ. ತೆರೆ ಬಂದು ಇಬ್ಬರನ್ನೂ ಮುಚ್ಚುತ್ತದೆ. ತೆರೆ ಹೋದಾಗ ಅವನೊಬ್ಬನೇ ಇರುತ್ತಾನೆ.

ಅಲ್ಲಿಗೆ ಸಿನಿಮಾ ಮುಗಿಯುತ್ತದೆ.

ಅವನ ಮುಂಗೈಯ ಗಾಯದ ಗುರುತು ನಾವು ಎಷ್ಟು ದಿನದಿಂದ ನೋಡುತ್ತಿದ್ದೆವು. ಬಲೆಯ ಸೂಜಿ ತಾಗಿದ್ದು ಎಂದಿದ್ದ.

"ಇದನ್ನ ಎಂತಕ್ ಹೇಳ್ಲಿಲ್ಲ ನೀನ್?" ಎಂದೆ.

"ಹೇಳುಕ್ ಎಂತ ಇತ್ತ್? ಬಳ್ಳಿ ಹಿಡ್ದಿದ್ಲ್, ಪಾಲ್ ಕೇಳಿದ್ಲ್. ತಾಂಡೇಲ ಪಾಲ್ ಕೊಟ್ಟ," ಎಂದ. ಮಗಳ ಕಡೆ ಕೈ ಚಾಚಿದ. "ಪೆನ್ ಕೊಡ್. ನೀವ್ ಏಳಿ ಅಪ್ಪಯ್ಯ, ಬಲೆ ಹಾಳಾತ್."

ಸಹಿ ಹಾಕಿದ. ಏಳನೇ ಕ್ಲಾಸಿನವರೆಗೆ ಕಲಿತವನ ಅಕ್ಷರ, ನನಗಿಂತ ಎಷ್ಟೋ ಚೆಂದ. ಕಾಗದವನ್ನು ಫೋನಿನಲ್ಲಿ ತೆಗೆದು ಅವಳು ಅಲ್ಲಿಂದಲೇ ಕಳಿಸಿದಳು. ಮೊದಲ ಸಲ ತೋರಿಸುವುದು ನಮ್ಮ ದಡದಲ್ಲೇ, ದೋಣಿಯ ಹಾಯಿಬಟ್ಟೆಯನ್ನೇ ಪರದೆ ಮಾಡಿ ಎಂದು ಸ್ವಲ್ಪ ಹೊತ್ತಿಗೆ ಉತ್ಸವದ ಆ ಹೆಂಗಸಿನಿಂದ ಉತ್ತರ ಬಂತು. ಈ ಸಲ ಕುರ್ಚಿ ಇಡುವುದಿಲ್ಲ, ಎಲ್ಲರೂ ಮರಳಿನಲ್ಲೇ ಕೂರುವುದು ಎಂದೂ ಬರೆದಿದ್ದರು. ಬುದ್ಧಿವಂತ ಹೆಂಗಸು.

ಸುದ್ದಿ ಕೇಳಿ ಬ್ರಹ್ಮಾವರದಿಂದ ನನ್ನ ಮಗಳು ಅಳಿಯನ ಜೊತೆ ಸಂಜೆಯ ಬಸ್ಸಿಗೆ ಬಂದಳು. ನನ್ನ ಹೆಂಡತಿ ಬಂಗಡೆ ಸಾರು ಮಾಡಿದ್ದಳು, ಕುಚ್ಚಲಕ್ಕಿ ಅನ್ನ, ಒಣ ಸಿಗಡಿಯ ಚಟ್ನಿ. ಸೊಸೆ ಉದ್ದಕ್ಕೆ ಎಲೆ ಹಾಕಿದಳು. ಮಗ ಬಾಗಿಲಿನ ಹತ್ತಿರ ಬಟ್ಟಲು ಹಿಡಿದು ನಿಂತಿದ್ದ, ಒಳಗೋ ಹೊರಗೋ ಎಂದು ತಿಳಿಯದ ಹಾಗೆ.

"ಹ್ವಾಯ್ ಹೀರೋ, ಎಲೆ ಹಾಕಿ ಆಯ್ತ್. ಇನ್ ಆರತಿ ಬೇಕಾ?" ಎಂದಳು ಅವನ ತಂಗಿ.

"ಸುಮ್ನೆ ಉಣ್ಣೆ ನೀನ್," ಎಂದು ಬಟ್ಟಲನ್ನು ಬದಿಗಿಟ್ಟು ನನ್ನ ಬಲಕ್ಕೆ ಬಂದು ಕೂತ. ಸೊಟ್ಟ ಕೈಯಲ್ಲಿ ಮೀನಿನ ಮುಳ್ಳು ಬಿಡಿಸಲು ನನಗೆ ಆಗುವುದಿಲ್ಲ. ಇಷ್ಟು ದಿನ ಹೆಂಡತಿ ಬಿಡಿಸಿ ಕೊಡುತ್ತಿದ್ದಳು. ಅವಳು ಕೈ ಚಾಚುವ ಮೊದಲೇ ಮಗ ನನ್ನ ಎಲೆಯ ಬಂಗಡೆಯನ್ನು ತನ್ನ ಕಡೆಗೆಳೆದು ಮುಳ್ಳು ತೆಗೆಯತೊಡಗಿದ. ಮೊಮ್ಮಗಳು ನೋಡಿ ತಲೆ ತಗ್ಗಿಸಿ ಉಂಡಳು. ಹೆಂಡತಿ ಎಲ್ಲರ ಎಲೆಗೂ ಎರಡನೇ ಸಲ ಅನ್ನ ಬಡಿಸಿ, ತಾನೂ ಎಲೆ ಹಾಕಿಕೊಂಡು ನಮ್ಮ ಸಾಲಿನಲ್ಲೇ ಕೂತಳು.